ಎಂಬತ್ತೆಂಟರ ತಾತ ನಂಬರ್ ಒನ್ ಆದ ವಾರ

ಈಗ ರಾತ್ರಿ ಹನ್ನೊಂದೂವರೆ. ಮನೆಯವರೆಲ್ಲ ಮಲಗಿದ್ದಾರೆ. ಅದಕ್ಕೇ ನನ್ನ ದನಿ ಇವತ್ತು ಇಷ್ಟು ಮೆಲ್ಲಗಿದೆ. ಮೈಕಿಗೂ ನನ್ನ ಬಾಯಿಗೂ ನಾಲ್ಕು ಬೆರಳಿನಷ್ಟೇ ಅಂತರ. ಹಗಲು ರೆಕಾರ್ಡ್ ಮಾಡಿದ್ದನ್ನೆಲ್ಲ ಈಗಷ್ಟೇ ಅಳಿಸಿ ಹಾಕಿದೆ. ಕೇಳಿ ನೋಡಿದರೆ ಎದುರಿಗೆ ಸಾವಿರ ಜನ ಕೂತಿದ್ದಾರೇನೋ ಅನ್ನುವ ಹಾಗೆ ಕೂಗಾಡಿದ್ದೆ. ಕೇಳುವವರು ನೀವೊಬ್ಬರೇ ತಾನೇ? ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದೀರಿ. ಕೂಗುವ ಅಗತ್ಯವೇ ಇಲ್ಲ.

ಈ ಸಣ್ಣ ಗುಟ್ಟನ್ನು ಹಾಡುಗಾರರು ಸುಮಾರು ನೂರು ವರ್ಷದ ಹಿಂದೆಯೇ ಕಂಡುಕೊಂಡರು. ಅವರಿಗೆ ಕ್ರೂನರ್ ಅಂತ ಹೆಸರು ಬಿತ್ತು.

ಅದಕ್ಕೂ ಮುಂಚೆ ಗಾಯಕ ಅಂದರೆ ಥಿಯೇಟರಿನ ಕೊನೇ ಸಾಲಿಗೆ ಕೇಳಿಸುವಷ್ಟು ದೊಡ್ಡ ಗಂಟಲು ಇರಬೇಕಿತ್ತು. 1920ರ ದಶಕದಲ್ಲಿ ಮೈಕ್ ಬಂತು, ರೇಡಿಯೋ ಬಂತು, 1925ರಿಂದ ರೆಕಾರ್ಡಿಂಗೂ ವಿದ್ಯುತ್ತಿನಲ್ಲೇ ಆಗತೊಡಗಿತು. ರೂಡಿ ವ್ಯಾಲಿ, ಬಿಂಗ್ ಕ್ರಾಸ್ಬಿ ತರದವರು ದನಿ ಇಳಿಸಿದರು. ಪಕ್ಕದಲ್ಲೇ ಕೂತು ಗುನುಗುವ ಹಾಗೆ ಹಾಡಿದರು. ಹುಡುಗಿಯರು ಹುಚ್ಚಾದರು, ಹಿರಿಯರು ಸಿಟ್ಟಾದರು. 1932ರಲ್ಲಿ ಬಾಸ್ಟನ್‌ನ ಕ್ಯಾಥೊಲಿಕ್ ಧರ್ಮಗುರು ಕಾರ್ಡಿನಲ್ ಒ'ಕಾನಲ್ ಇದು ಗಂಡಸರು ಮಾಡುವ ಕೆಲಸವೇ ಅಲ್ಲ ಅಂತ ಬೈದಿದ್ದರು. 1944ರಲ್ಲಿ ನ್ಯೂಯಾರ್ಕಿನ ಪ್ಯಾರಾಮೌಂಟ್ ಥಿಯೇಟರ್ ಮುಂದೆ ಫ್ರಾಂಕ್ ಸಿನಾತ್ರಾಗೋಸ್ಕರ ಸಾವಿರಾರು ಹುಡುಗಿಯರು ನುಗ್ಗಿ, ಪೊಲೀಸರು ಬರಬೇಕಾಯಿತು. ಇವತ್ತು ಕೋಟು, ಬೋ ಟೈ ಹಾಕಿಕೊಂಡ ಮರ್ಯಾದಸ್ಥ ತಾತನ ಸಂಗೀತ ಅನ್ನುತ್ತೇವಲ್ಲ, ಅದು ಒಂದು ಕಾಲದ ಹುಡುಗು ಪಾಪ್!

ಹಾಗಾಗಿ "ಹಳಬರು ವರ್ಸಸ್ ಹೊಸಬರು" ಅಂತ ಶೀರ್ಷಿಕೆ ಕಂಡಾಗಲೆಲ್ಲ ನನಗೆ ಸ್ವಲ್ಪ ನಗು ಬರುತ್ತದೆ. ಆದರೂ ಚಾರ್ಟ್‌ನಲ್ಲಿ ಜಟಾಪಟಿ ನಡೆದಿರುವುದು ನಿಜ. ಅದರ ಮಜಾನೂ ಬೇರೆ.

1964 ನೋಡಿ. ಇಂಗ್ಲೆಂಡಿನ ಹುಡುಗರ ಬ್ಯಾಂಡ್ ಬೀಟಲ್ಸ್ ಅಮೆರಿಕಕ್ಕೆ ಬಂದಿಳಿದ ವರ್ಷ. ಒಂದಾದ ಮೇಲೆ ಒಂದು ಹಾಡು, ಒಟ್ಟು 14 ವಾರ ಅಮೆರಿಕದ ಹಿಟ್ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಚಾರ್ಟಿನ ಮೊದಲ ಸ್ಥಾನ ಅವರದೇ. ಮೇ ತಿಂಗಳಲ್ಲಿ ಅವರನ್ನು ಕೆಳಗಿಳಿಸಿದ್ದು ಯಾರು? 62 ವರ್ಷದ ಜಾಝ್ ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್! ಅವರು ಕ್ರೂನರ್ ಅಲ್ಲ, ಗೊತ್ತು. ಆ ಗೊಗ್ಗರು ದನಿಗೆ ಆ ಹೆಸರು ಒಪ್ಪುವುದಿಲ್ಲ. ಆದರೆ ಆಗಸ್ಟ್‌ನಲ್ಲಿ ಬೀಟಲ್ಸ್‌ನ ಮತ್ತೊಂದು ಹಾಡನ್ನು ತಳ್ಳಿದ ಡೀನ್ ಮಾರ್ಟಿನ್ ಅಪ್ಪಟ ಕ್ರೂನರ್. ಅವರ ಮಗ ಆಗ 12ರ ಹುಡುಗ, ಬೀಟಲ್ಸ್ ಅಂದರೆ ಪ್ರಾಣ. ಮನೆಯಲ್ಲಿ ಆ ವಾರ ಊಟದ ಹೊತ್ತಿಗೆ ಏನು ಮಾತುಕತೆ ನಡೆದಿರಬಹುದು ಅಂತ ಸುಮ್ನೆ ಯೋಚಿಸಿ ನೋಡಿ.

ಇಂಗ್ಲೆಂಡಿನಲ್ಲೂ 1967ರಲ್ಲಿ ಇದೇ ಆಯಿತು. ಎಂಗಲ್‌ಬರ್ಟ್ ಹಂಪರ್‌ಡಿಂಕ್ ಅನ್ನುವ ಗಾಯಕ ಬೀಟಲ್ಸ್ ಮೇಲೆ ಬಾರದ ಹಾಗೆ ಎರಡನೇ ಸ್ಥಾನದಲ್ಲೇ ಕಟ್ಟಿಹಾಕಿದ. ಹೆಸರು ನೋಡಿ ಯಾವ ದೇಶದವನೋ ಅಂದುಕೊಳ್ಳಬೇಡಿ. ಹುಟ್ಟಿದ್ದು ಮದ್ರಾಸಿನಲ್ಲಿ!

ಸರಿ, ನನ್ನ ಹೀರೋ ವಿಷಯಕ್ಕೆ ಬರೋಣ. ಟೋನಿ ಬೆನೆಟ್.

1926ರಲ್ಲಿ ಹುಟ್ಟಿದವರು. ಐವತ್ತರ ದಶಕದಲ್ಲೇ ದೊಡ್ಡ ಹೆಸರು. ಆಮೇಲೆ ರಾಕ್ ಬಂತು. ಹೊಸ ಕಾಲದ ಹಾಡು ಹಾಡಿ ಅಂತ ರೆಕಾರ್ಡ್ ಕಂಪನಿ ದುಂಬಾಲು ಬಿತ್ತು. ಮನಸ್ಸಿಲ್ಲದ ಮನಸ್ಸಿನಿಂದ 1970ರಲ್ಲಿ ಅಂಥದ್ದೊಂದು ಆಲ್ಬಂ ಮಾಡಿದರು. ರೆಕಾರ್ಡಿಂಗಿಗೆ ಮುಂಚೆ ವಾಂತಿಯೇ ಆಯಿತು ಅಂತ ಆಮೇಲೆ ಹೇಳಿಕೊಂಡಿದ್ದಾರೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕಂಪನಿ ಇಲ್ಲ, ಸಾಲ, ಡ್ರಗ್ಸ್, 1979ರಲ್ಲಿ ಜೀವವೇ ಹೋಗುವುದರಲ್ಲಿತ್ತು.

ಆಗ ಕೈ ಹಿಡಿದಿದ್ದು ಮಗ ಡ್ಯಾನಿ. ಅವನ ಲೆಕ್ಕಾಚಾರ ನನಗೆ ಬಹಳ ಇಷ್ಟ. ಅಪ್ಪನಿಗೆ ಜೀನ್ಸ್ ಹಾಕಿಸಲಿಲ್ಲ, ಕೂದಲು ಬೆಳೆಸಲಿಲ್ಲ, ಹಾಡು ಬದಲಾಯಿಸಲಿಲ್ಲ. ಅದೇ ಸೂಟು, ಅದೇ ಹಳೇ ಹಾಡು, ಅದೇ ಪಿಯಾನೋ. ಬದಲಾಯಿಸಿದ್ದು ಹಾಡುವ ಜಾಗವನ್ನು ಮಾತ್ರ. ಹುಡುಗರು ಎಲ್ಲಿದ್ದಾರೋ ಅಲ್ಲಿಗೇ ಅಪ್ಪನನ್ನು ಕರೆದುಕೊಂಡು ಹೋದ. 1994ರಲ್ಲಿ ಹುಡುಗರ ಟೀವಿ ಚಾನೆಲ್ ಎಂಟಿವಿಯ ಸಂಗೀತ ಕಾರ್ಯಕ್ರಮ ಅನ್‌ಪ್ಲಗ್ಡ್. ಮರುವರ್ಷ ಅಲ್ಲಿ ಹಾಡಿದ ಹಾಡುಗಳ ಆಲ್ಬಂಗೆ ವರ್ಷದ ಆಲ್ಬಂ ಅಂತ ಗ್ರ್ಯಾಮಿ.

ಅದಕ್ಕೂ ಸ್ವಲ್ಪ ಮುಂಚೆ, 1993ರಲ್ಲಿ, ಸಿನಾತ್ರಾ ಕೂಡ ಹೊಸಬರ ಜೊತೆ ಯುಗಳ ಗೀತೆಗಳ ಆಲ್ಬಂ ಮಾಡಿದ್ದರು. ಆದರೆ ಆತ ತನ್ನ ಪಾಡಿಗೆ ಹಾಡಿ ಹೋದರು. ಜೊತೆಯವರು ಬೇರೆ ಕಡೆ ಹಾಡಿದರು, ಕೆಲವರ ದನಿ ಫೋನ್ ಲೈನಿನಲ್ಲೇ ಬಂತು. ಚಾರ್ಟ್‌ನಲ್ಲಿ ಎರಡನೇ ಸ್ಥಾನ ಸಿಕ್ಕಿತು. ಮಾರಾಟವೂ ಜೋರು. ನನಗೇನೋ ಅದು ಎರಡು ಫೋಟೋ ಕತ್ತರಿಸಿ ಅಂಟಿಸಿದ ಹಾಗೆ ಕೇಳುತ್ತದೆ. ಬೈಯಬೇಡಿ.

ಬೆನೆಟ್ ಮಾತ್ರ ಎದುರಿಗೇ ನಿಲ್ಲಿಸಿಕೊಂಡು ಹಾಡಿದರು. 2011ರ ಮಾರ್ಚ್, ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋ. ಜೊತೆಗೆ ಇಂಗ್ಲೆಂಡಿನ ಗಾಯಕಿ ಏಮಿ ವೈನ್‌ಹೌಸ್. ಆ ವಿಡಿಯೋ ನೋಡಿ. ಹುಡುಗಿ ಒಂದು ಕಡೆ ನಿಲ್ಲುವುದಿಲ್ಲ. ಕೂದಲು ಮುಟ್ಟಿಕೊಳ್ಳುತ್ತಾಳೆ, ಮುಖ ಸಿಂಡರಿಸುತ್ತಾಳೆ, ನಾನು ಸರಿಯಾಗಿ ಹಾಡುತ್ತಿಲ್ಲ ಅಂತ ತನ್ನ ಮೇಲೇ ರೇಗುತ್ತಾಳೆ. ತಾತನಿಗೆ ಅವಸರವೇ ಇಲ್ಲ. ನಿನ್ನ ಹಾಡಿನಲ್ಲಿ ಹಳೇ ಕಾಲದ ಗಾಯಕಿ ಡೈನಾ ವಾಷಿಂಗ್ಟನ್ ಕೇಳಿಸುತ್ತಾಳೆ ಅನ್ನುತ್ತಾರೆ. ಡೈನಾ ಅಂದರೆ ಏಮಿಗೆ ದೇವರು. ಅಷ್ಟೇ ಸಾಕಾಯಿತು, ಮುಖ ಅರಳಿತು, ದನಿ ಬಿಚ್ಚಿಕೊಂಡಿತು. ಅವಳು ಹಾಡಿದ ಕೊನೆಯ ರೆಕಾರ್ಡಿಂಗ್ ಅದು. ಜುಲೈನಲ್ಲಿ, 27ನೇ ವಯಸ್ಸಿಗೆ ಹೋಗಿಬಿಟ್ಟಳು. ಆ ಹಾಡಿದ್ದ ಆಲ್ಬಂ ಅಮೆರಿಕದ ಆಲ್ಬಂಗಳ ಪಟ್ಟಿ ಬಿಲ್‌ಬೋರ್ಡ್ 200ರಲ್ಲಿ ನೇರವಾಗಿ ಮೊದಲ ಸ್ಥಾನಕ್ಕೆ ಬಂತು. ಬೆನೆಟ್‌ಗೆ ಆಗ 85. ಅರವತ್ತು ವರ್ಷ ಹಾಡಿದ ಮೇಲೆ ಅವರಿಗೆ ಸಿಕ್ಕ ಮೊಟ್ಟಮೊದಲ ನಂಬರ್ ಒನ್!

ಮೂರು ವರ್ಷದ ನಂತರ, 88ನೇ ವಯಸ್ಸಿನಲ್ಲಿ, 28ರ ಪಾಪ್ ತಾರೆ ಲೇಡಿ ಗಾಗಾ ಜೊತೆ ಮಾಡಿದ ಆಲ್ಬಂ ಮತ್ತೆ ನಂಬರ್ ಒನ್. ಬದುಕಿದ್ದಾಗ ಅತಿ ಹೆಚ್ಚು ವಯಸ್ಸಿನಲ್ಲಿ ನಂಬರ್ ಒನ್ ಆದ ತನ್ನ ದಾಖಲೆಯನ್ನು ತಾನೇ ಮುರಿದರು.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಆ ಆಲ್ಬಂ ಮೊದಲ ವಾರ ಮಾರಾಟವಾದದ್ದು ಸುಮಾರು 1,31,000 ಪ್ರತಿ. 2014ರ ಡಿಸೆಂಬರಿನಲ್ಲಿ, ಅಂದರೆ ಎರಡೇ ತಿಂಗಳ ನಂತರ, ಬಿಲ್‌ಬೋರ್ಡ್ ಎಣಿಸುವ ರೀತಿಯನ್ನೇ ಬದಲಾಯಿಸಿತು. ಸ್ಟ್ರೀಮಿಂಗ್ ಕೂಡ ಲೆಕ್ಕಕ್ಕೆ ಬಂತು. 1,500 ಸಲ ಹಾಡು ಕೇಳಿದರೆ ಒಂದು ಆಲ್ಬಂ ಮಾರಿದ ಹಾಗೆ ಅನ್ನುವುದು ಆಗಿನ ನಿಯಮವಾಗಿತ್ತು. ಆ ಲೆಕ್ಕದಲ್ಲಿ 1,31,000 ಸಿಡಿಗೆ ಸಮ ಆಗಬೇಕಾದರೆ 19 ಕೋಟಿ 65 ಲಕ್ಷ ಸಲ ಪ್ಲೇ ಆಗಬೇಕು! ಹಿರಿಯ ಅಭಿಮಾನಿ ಸಿಡಿ ಕೊಂಡು ಒಂದೇ ಸಲ ಕೇಳಿ ಕಪಾಟಿನಲ್ಲಿಟ್ಟರೂ ಒಂದು ಪೂರ್ತಿ ಓಟು. ಹದಿನೈದರ ಹುಡುಗ ಒಂದೇ ಹಾಡನ್ನು ದಿನವಿಡೀ ತಿರುಗಿಸಿದರೂ ಒಂದು ಓಟು ಆಗುವುದು ಕಷ್ಟ. ಆದರೆ ಹುಡುಗರು ಕೋಟಿಗಟ್ಟಲೆ ಇದ್ದಾರೆ, ಬಿಡುವುದೂ ಇಲ್ಲ. ಚಾರ್ಟ್ ಹೇಳುವುದು ಯಾರು ಚೆನ್ನಾಗಿ ಹಾಡಿದರು ಅಂತ ಅಲ್ಲ, ಯಾರ ಕೇಳುಗರ ಅಭ್ಯಾಸ ಆ ವರ್ಷದ ನಿಯಮಕ್ಕೆ ಹೊಂದಿತು ಅಂತ. ಇದು ಗೊತ್ತಾದ ಮೇಲೆ ನನಗೆ ಆ ಪಟ್ಟಿ ಮೇಲಿನ ಭಕ್ತಿ ಅರ್ಧ ಇಳಿಯಿತು.

ನಿಯಮ ಹಳಬರಿಗೂ ಒಮ್ಮೊಮ್ಮೆ ಒಲಿಯುತ್ತದೆ. 2023ರ ಡಿಸೆಂಬರಿನಲ್ಲಿ ಬ್ರೆಂಡಾ ಲೀ ಅವರ ಕ್ರಿಸ್‌ಮಸ್ ಹಾಡು ಬಿಲ್‌ಬೋರ್ಡ್‌ನ ಹಾಡುಗಳ ಪಟ್ಟಿ ಹಾಟ್ 100ರ ತುದಿಗೇರಿತು. ಅವರಿಗೆ 78, ಹಾಡಿಗೆ 65. ಎಲ್ಲರೂ ಅಜ್ಜಿ ಗೆದ್ದರು ಅಂದರು. ಆದರೆ ಆ ರೆಕಾರ್ಡಿನಲ್ಲಿ ಹಾಡುತ್ತಿರುವುದು ಯಾರು? 1958ರಲ್ಲಿ 13 ವರ್ಷದ ಹುಡುಗಿಯಾಗಿದ್ದ ಬ್ರೆಂಡಾ. ಆ ವಾರದ ಚಾರ್ಟ್‌ನಲ್ಲಿ ಗೆದ್ದದ್ದು ಆ ಪುಟ್ಟ ಗಂಟಲು, ಅಲ್ವಾ?

ಕೊನೆಗೆ ಇನ್ನೊಂದು ದೃಶ್ಯ. 2021ರ ಆಗಸ್ಟ್, ನ್ಯೂಯಾರ್ಕಿನ ರೇಡಿಯೋ ಸಿಟಿ ಹಾಲ್. ಬೆನೆಟ್‌ಗೆ 95. ಅಲ್ಝೈಮರ್ಸ್ ಅನ್ನುವ ಮರೆವಿನ ಕಾಯಿಲೆ ಶುರುವಾಗಿ ವರ್ಷಗಳೇ ಆಗಿತ್ತು. ಎದುರಿಗೆ ಬಂದವರ ಹೆಸರು ನೆನಪಿಗೆ ಬರುವುದೇ ಕಷ್ಟ. ಆದರೆ ಪಿಯಾನೋ ಶುರುವಾದರೆ ಹಾಡಿನ ಸಾಹಿತ್ಯ ತಾನಾಗೇ ಬರುತ್ತದೆ. ಗಾಗಾ ವೇದಿಕೆಗೆ ಬರುತ್ತಾಳೆ. ಅವರು ಅವಳ ಹೆಸರು ಹಿಡಿದು ಕರೆದು ಬಹಳ ದಿನವಾಗಿತ್ತು ಅಂತ ಅವಳೇ ಆಮೇಲೆ ಹೇಳಿದಳು. ಅವಳನ್ನು ನೋಡುತ್ತಾರೆ. ಮುಖದಲ್ಲಿ ದೀಪ ಹಚ್ಚಿದ ಹಾಗೆ ಆಗುತ್ತದೆ. ಲೇಡಿ ಗಾಗಾ ಅಂತ ಕರೆಯುತ್ತಾರೆ. ಅವಳು ಅಳು ತಡೆದುಕೊಂಡು ಹಾಡು ಎತ್ತಿಕೊಳ್ಳುತ್ತಾಳೆ.

ಅವರಿಬ್ಬರ ಕೊನೆಯ ಆಲ್ಬಂ ಆ ವರ್ಷ ಎಂಟನೇ ಸ್ಥಾನಕ್ಕೆ ಬಂದು ನಿಂತಿತು.

ಆ ಕ್ಲಿಪ್ ಇಲ್ಲಿ ಹಾಕಿದರೆ ಕಾಪಿರೈಟ್ ಬೀಳುತ್ತದೆ, ನೀವೇ ಹುಡುಕಿಕೊಳ್ಳಬೇಕು. ಫೋನ್ ಸ್ಪೀಕರಿನಲ್ಲಿ ಬೇಡ, ಇಯರ್‌ಫೋನ್ ತೆಗೆಯಬೇಡಿ, ದನಿ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ನಾನೂ ಈ ಮೈಕ್ ಆಫ್ ಮಾಡಿ ಅದನ್ನೇ ನೋಡಲು ಕೂರುತ್ತಿದ್ದೇನೆ.