ಬರಿಗೈಯಲ್ಲಿ ಮೆಟ್ಟಿಲು ಇಳಿಯಬೇಡಿ

ಆಕಾಶವಾಣಿ ಭದ್ರಾವತಿಯ ಕೇಳುಗರಿಗೆಲ್ಲ ನಮಸ್ಕಾರ.

ಈ ಹೊತ್ತಿನಲ್ಲಿ ನಿಮ್ಮಲ್ಲಿ ಎಷ್ಟೋ ಜನ ಚಪ್ಪರದ ಕೆಳಗೆ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿರುತ್ತೀರಿ. ರೇಡಿಯೋ ಕಂಬಕ್ಕೆ ನೇತಾಡುತ್ತಿರುತ್ತದೆ. ನಾನು ಮಾತಾಡಲಿಕ್ಕೆ ಬಂದಿರುವುದು ನಿಮ್ಮ ಹತ್ತಿರವೇ. ಒಳಗೆ ಹಾಸಿಗೆ ಹಿಡಿದ ಗಂಡ ಇರಬಹುದು, ಮಾತು ಬಾರದ ಮಗಳು ಇರಬಹುದು, ಸೊಂಟ ಬಿದ್ದುಹೋದ ಅತ್ತೆ ಇರಬಹುದು. "ಎಲ್ಲರಿಗೂ ಪಿಂಚಣಿ ಬರುತ್ತಂತೆ, ನಮಗೊಂದು ಬರಲಿಲ್ಲ" ಅಂತ ಹೇಳಿ ಹೇಳಿ ಈಗ ಹೇಳುವುದನ್ನೂ ಬಿಟ್ಟಿರುತ್ತೀರಿ. ಈ ಮಾತು ನಿಮಗೆ.

ನಾನು ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತೆ, ಎಂ.ಆರ್.ಡಬ್ಲ್ಯು. ಅಂತಾರೆ. ಹಳ್ಳಿಗಳಲ್ಲಿ ಅಂಗವಿಕಲರ ಮೇಡಂ ಅಂತಲೇ ಕರೆಯುತ್ತಾರೆ. ನನಗೂ ಎಡಗಾಲು ಪೋಲಿಯೋ, ಕ್ಯಾಲಿಪರ್ ಹಾಕಿಕೊಂಡೇ ಓಡಾಡುತ್ತೇನೆ. ಯಾವ ಕಚೇರಿಗೆ ಎಷ್ಟು ಮೆಟ್ಟಿಲು, ಎಲ್ಲಿ ಹಿಡಿಕೆ ಇದೆ, ಎಲ್ಲಿ ಇಲ್ಲ, ಅದು ನನಗೆ ಬಾಯಿಪಾಠ.

ಇವತ್ತು ನಿಮಗೆ ಒಂದೇ ಮಾತು ಹೇಳುವುದಿದೆ. ಅಂಗವಿಕಲ ವೇತನಕ್ಕೆ ಅಂತ ಕಚೇರಿಗೆ ಹೋದಿರಾ, ಬರಿಗೈಯಲ್ಲಿ ಆ ಮೆಟ್ಟಿಲು ಇಳಿಯಬೇಡಿ. ಅರ್ಜಿ ತೆಗೆದುಕೊಂಡರೆ ಸ್ವೀಕೃತಿ ಕೇಳಿ. ತೆಗೆದುಕೊಳ್ಳುವುದಿಲ್ಲ ಅಂದರೆ ಹಿಂಬರಹ ಕೇಳಿ. ಎರಡರಲ್ಲಿ ಒಂದು ಕಾಗದ ನಿಮ್ಮ ಕೈಗೆ ಬರಲೇಬೇಕು.

ಹಿಂಬರಹ ಅಂದರೆ ಏನು? ನಿಮ್ಮ ಅರ್ಜಿ ಯಾಕೆ ಆಗುವುದಿಲ್ಲ ಅನ್ನುವುದನ್ನು ಕಚೇರಿಯವರು ಕಾರಣ ಸಮೇತ ಬರೆದು, ಸಹಿ ಮಾಡಿ, ಸೀಲು ಒತ್ತಿ ಕೊಡುವ ಪತ್ರ. ಜಮೀನಿನ ವ್ಯವಹಾರದಲ್ಲಿ ಇದು ನಿಮಗೆಲ್ಲ ಗೊತ್ತು. ಪೋಡಿ ಆಗಲಿಲ್ಲ, ಖಾತೆ ಆಗಲಿಲ್ಲ ಅಂದರೆ ಹಿಂಬರಹ ಕೊಡಿ ಅಂತ ಗಟ್ಟಿಯಾಗಿ ಕೇಳುತ್ತೀರಿ. ಪಿಂಚಣಿ ವಿಷಯಕ್ಕೆ ಬಂದ ಕೂಡಲೇ ಯಾಕೆ ದನಿ ಇಳಿಯುತ್ತದೆ? ಯಾರೋ ದಯೆಯಿಂದ ಕೊಡುವ ದುಡ್ಡು ಅನ್ನುವ ಹಾಗೆ ಕೈಕಟ್ಟಿ ನಿಲ್ಲುತ್ತೀರಿ. ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅದು ನಿಮಗೆ ಸಲ್ಲಬೇಕಾದ ದುಡ್ಡು. ನೂರಕ್ಕೆ 40ರಿಂದ 75ರವರೆಗೆ ವೈಕಲ್ಯ ಇದ್ದರೆ ತಿಂಗಳಿಗೆ 800 ರೂಪಾಯಿ, 75ಕ್ಕಿಂತ ಹೆಚ್ಚಿದ್ದರೆ 1,400. ದೊಡ್ಡ ದುಡ್ಡಲ್ಲ ಅಂತ ನನಗೂ ಗೊತ್ತು. ಆದರೆ ತಿಂಗಳ ಮಾತ್ರೆಗೆ, ಮೂತ್ರದ ನಳಿಕೆಗೆ, ಆಸ್ಪತ್ರೆಯ ಬಸ್ ಚಾರ್ಜಿಗೆ ಆ ದುಡ್ಡೇ ಆಧಾರವಾದ ಮನೆಗಳನ್ನು ನಾನು ದಿನಾ ನೋಡುತ್ತೇನೆ.

ಒಂದು ಮನೆಯ ಕಥೆ ಹೇಳುತ್ತೇನೆ. ಯಾವ ತಾಲ್ಲೂಕು, ಯಾವ ಕಚೇರಿ ಅನ್ನುವುದು ಬೇಡ. ಮಲೆನಾಡಿನಲ್ಲಿ ಎಲ್ಲಿ ಬೇಕಾದರೂ ಆಗಬಹುದಾದದ್ದು, ಆಗುತ್ತಲೂ ಇದೆ.

ಆ ಅಣ್ಣ ಅಡಿಕೆ ಕೊನೆ ತೆಗೆಯುವ ಕೆಲಸದವರು. ಒಂದು ಮರ ಹತ್ತಿದರೆ ಕೆಳಗೆ ಇಳಿಯದೆ, ಮರದಿಂದ ಮರಕ್ಕೆ ಬಾಗಿ ಹಿಡಿದು ಸಾಲು ಮುಗಿಸುವಂಥ ನಿಪುಣರು. ದೀಪಾವಳಿ ಹಿಂದೆಮುಂದೆ, ಬೆಳಿಗ್ಗೆ ಇಬ್ಬನಿಗೆ ಮರ ಒದ್ದೆಯಾಗಿತ್ತು, ಜಾರಿದರು. ಬೆನ್ನುಹುರಿಗೆ ಪೆಟ್ಟು. ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಅಡಿಕೆ ಮರ, ಕಾಳುಮೆಣಸಿನ ಏಣಿ, ಇವೆರಡರಿಂದ ಬಿದ್ದು ಮಲಗಿದವರು ನಮ್ಮ ಕಡೆ ಎಷ್ಟು ಮಂದಿ ಇದ್ದಾರೆ ಅನ್ನುವುದು ತೋಟದ ಊರಿನವರಿಗೆ ಹೇಳಬೇಕಾಗಿಲ್ಲ.

ನಾನು ಅವರ ಮನೆಗೆ ಹೋದಾಗ ಅಪಘಾತವಾಗಿ ಒಂದೂವರೆ ವರ್ಷ ಕಳೆದಿತ್ತು. ಅವರ ಹೆಂಡತಿ, ಆ ಅಕ್ಕ, ಒಳಗಿನಿಂದ ಒಂದು ಪ್ಲಾಸ್ಟಿಕ್ ಕೊಟ್ಟೆ ತಂದರು. ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕಟ್ಟುತ್ತೀರಲ್ಲ, ಅದೇ. ಅದರೊಳಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಸುರುಳಿ ಸುತ್ತಿದ ಎಕ್ಸ್‌ರೇ, ಆಧಾರ್, ರೇಷನ್ ಕಾರ್ಡು, ಶೇಕಡಾ 90 ಅಂತ ಬರೆದ ಅಂಗವಿಕಲತೆಯ ಗುರುತಿನ ಚೀಟಿ, ಆದಾಯ ಪ್ರಮಾಣಪತ್ರ, ಎಲ್ಲ ಮಡಿಕೆ ಕೆಡದ ಹಾಗೆ ಜೋಡಿಸಿಟ್ಟಿದ್ದರು. "ಏಳು ಸಲ ಹೋಗಿ ಬಂದೆ ಮೇಡಂ" ಅಂದರು. ಆರೂವರೆ ಬಸ್ಸಿಗೆ ಹೋದರೆ ಸಂಜೆ ಬಸ್ಸಿಗೆ ವಾಪಸ್. ಅವತ್ತಿನ ಕೂಲಿ ಹೋಯಿತು, ಗಂಡನನ್ನು ಮಗ್ಗುಲಾಗಿಸಲಿಕ್ಕೆ ಪಕ್ಕದ ಮನೆಯವರನ್ನು ಕರೆಯಬೇಕಾಯಿತು.

"ಏಳು ಸಲ ಹೋಗಿದ್ದಕ್ಕೆ ಏನು ಕೊಟ್ಟಿದ್ದಾರೆ, ತೋರಿಸಿ ಅಕ್ಕ" ಅಂದೆ.

ಕೊಟ್ಟೆಯನ್ನು ಪೂರ್ತಿ ನೆಲಕ್ಕೆ ಸುರಿದು ಹುಡುಕಿದರು. ಒಂದು ಚೂರು ಕಾಗದವೂ ಇರಲಿಲ್ಲ. ಒಂದು ಸಲ ಸರ್ವರ್ ಇಲ್ಲ ಅಂದಿದ್ದರಂತೆ. ಇನ್ನೊಂದು ಸಲ ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ. ಮತ್ತೊಂದು ಸಲ, ಆಧಾರಿನಲ್ಲಿ ಹೆಸರಿನ ಮುಂದೆ ಇನಿಶಿಯಲ್ ಇದೆ, ಗುರುತಿನ ಚೀಟಿಯಲ್ಲಿ ಇಲ್ಲ, ಸರಿ ಮಾಡಿಸಿಕೊಂಡು ಬಾ. ಸರಿ ಮಾಡಿಸಿ ಹೋದರೆ, ಮುಂದಿನ ವಾರ ಬಾ. ಎಲ್ಲವೂ ಬಾಯಿಮಾತು. ಕಂಪ್ಯೂಟರಿನ ಲೆಕ್ಕದಲ್ಲಿ ಆ ಅಕ್ಕ ಒಂದು ಸಲವೂ ಆ ಕಚೇರಿಗೆ ಹೋಗಿಲ್ಲ! ಏಳು ದಿನದ ಕೂಲಿ ಹೋದರೂ ಅವರ ಅರ್ಜಿ ಹುಟ್ಟಿಯೇ ಇರಲಿಲ್ಲ. ತಡ ಆಗುತ್ತಿದೆ ಅಂತ ಅವರು ಒಂದೂವರೆ ವರ್ಷ ಕಾದರು. ಹುಟ್ಟದೇ ಇರುವ ಅರ್ಜಿ ತಡ ಆಗುವುದು ಹೇಗೆ?

ಎಂಟನೇ ಸಲ ನಾನೂ ಜೊತೆಗೆ ಹೋದೆ. ಅರ್ಜಿಯನ್ನು ಎರಡು ಪ್ರತಿ ಬರೆಸಿದ್ದೆ. ಕೌಂಟರಿನಲ್ಲಿದ್ದ ಹುಡುಗ ತಲೆ ಎತ್ತದೆ "ಇವತ್ತು ಆಗಲ್ಲ, ಸೋಮವಾರ ಬನ್ನಿ" ಅಂದ. ಆ ಅಕ್ಕನಿಗೆ ದಾರಿಯುದ್ದಕ್ಕೂ ಒಂದು ಮಾತು ಹೇಳಿಕೊಟ್ಟಿದ್ದೆ. ಅವರ ಗಂಟಲು ಒಣಗಿತ್ತು, ಮೇಜಿನ ಅಂಚು ಹಿಡಿದುಕೊಂಡಿದ್ದರು, ಬೆರಳಿನ ತುಂಬ ಅಡಿಕೆ ಚೊಗರಿನ ಕಪ್ಪು. ಆದರೂ ಹೇಳಿದರು. "ಆಗಲ್ಲ ಅಂತಾದರೆ ಹಾಗೇ ಬರೆದು ಹಿಂಬರಹ ಕೊಡಿ ಸರ್. ತಗೊಂಡು ಹೋಗ್ತೀನಿ." ಜಗಳ ಇಲ್ಲ, ಏರುದನಿ ಇಲ್ಲ.

ಆ ಹುಡುಗ ತಲೆ ಎತ್ತಿ ನೋಡಿದ. ಒಳಗೆ ಹೋದ, ಬಂದ. "ಕೂತ್ಕೊಳ್ಳಿ ಅಮ್ಮ" ಅಂದ. ಇಪ್ಪತ್ತು ನಿಮಿಷದಲ್ಲಿ ಅರ್ಜಿ ಕಂಪ್ಯೂಟರಿಗೆ ಹೋಯಿತು. ಪ್ರಿಂಟರಿನಿಂದ ಚೀಟಿ ಹೊರಗೆ ಬಂತು. ಅದರ ಮೇಲೆ ಅರ್ಜಿ ಸಂಖ್ಯೆ, ಇಂಥ ದಿನದೊಳಗೆ ವಿಲೇವಾರಿ ಆಗಬೇಕು ಅನ್ನುವ ತಾರೀಖು. ಅಕ್ಕ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ ಬಸ್‌ಸ್ಟ್ಯಾಂಡಿನವರೆಗೂ ಬಂದರು.

ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಚೀಟಿಯಲ್ಲಿದ್ದ ತಾರೀಖು ದಾಟಿತು, ದುಡ್ಡಿಲ್ಲ. ಆದರೆ ಈ ಸಲ ಅವರ ಕೈಯಲ್ಲಿ ಕಾಗದ ಇತ್ತು. 2011ರ ಸಕಾಲ ಕಾಯ್ದೆ ಇರುವುದು ಇದಕ್ಕೇ. ಅವಧಿ ಮೀರಿದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ತಡವಾದ ಒಂದೊಂದು ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500ರವರೆಗೆ ಪರಿಹಾರವನ್ನೂ ಕೇಳಬಹುದು. ಆ 20 ರೂಪಾಯಿ ಮುಖ್ಯ ಅಲ್ಲ. ನಿಮ್ಮ ಅರ್ಜಿ ಯಾರ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಅನ್ನುವ ಪ್ರಶ್ನೆ ಏಳುತ್ತದಲ್ಲ, ಅದು ಮುಖ್ಯ. ಮೇಲ್ಮನವಿ ಹಾಕಿದ ಮೇಲೆ ಗೊತ್ತಾಯಿತು, ಸ್ಥಳ ಪರಿಶೀಲನೆ ವರದಿಯೇ ಬಂದಿಲ್ಲ. ಗ್ರಾಮ ಲೆಕ್ಕಿಗರಿಗೆ ಮೂರು ಊರಿನ ಹೊಣೆ, ಆಷಾಢದ ಮಳೆ, ಹಳ್ಳ ತುಂಬಿ ಕಾಲುಸಂಕ ಮುಳುಗಿತ್ತು. ಅವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಸಂಕ ಮೇಲೆದ್ದ ಎರಡೇ ದಿನಕ್ಕೆ ಅವರು ಆ ಮನೆಗೆ ಹೋಗಿ ಬಂದರು. ಮಂಜೂರಾತಿ ಆದೇಶವಾಯಿತು.

ಆದೇಶ ಆದರೂ ನಾಲ್ಕು ತಿಂಗಳು ದುಡ್ಡು ಕಾಣಲಿಲ್ಲ. ಅಕ್ಕ ಫೋನ್ ಮಾಡಿ ಅತ್ತುಬಿಟ್ಟರು. ವಿಚಾರಿಸಿದರೆ ಖಜಾನೆಯಿಂದ ತಿಂಗಳು ತಿಂಗಳೂ ದುಡ್ಡು ಹೋಗಿದೆ! ಎಲ್ಲಿಗೆ ಹೋಯಿತು? ನೋಡಿ, ಇದು ನೂರು ಮನೆಯ ಸಮಸ್ಯೆ, ಕಿವಿಗೊಟ್ಟು ಕೇಳಿ. ನೀವು ಅರ್ಜಿಯಲ್ಲಿ ಬರೆದುಕೊಟ್ಟ ಖಾತೆಗೇ ದುಡ್ಡು ಬರುತ್ತದೆ ಅಂತ ಇಲ್ಲ. ನಿಮ್ಮ ಆಧಾರ್ ಕೊನೆಗೆ ಯಾವ ಬ್ಯಾಂಕಿನ ಖಾತೆಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಆ ಅಣ್ಣ ಗಟ್ಟಿಯಾಗಿದ್ದಾಗ ಪೇಟೆಯ ಬೇರೊಂದು ಬ್ಯಾಂಕಿನಲ್ಲಿ ಖಾತೆ ಮಾಡಿಸಿ ಮರೆತಿದ್ದರು. ಪಾಸ್‌ಬುಕ್ ಅಕ್ಕಿ ಡಬ್ಬಿಯ ಅಡಿಯಲ್ಲಿ ಸಿಕ್ಕಿತು. ಬ್ಯಾಂಕಿನ ಯಂತ್ರಕ್ಕೆ ಅದನ್ನು ತೂರಿಸಿದಾಗ ಟಕಟಕ ಅಂತ ನಾಲ್ಕು ಸಾಲು ಮೂಡಿತು. 1,400, 1,400, 1,400, 1,400. ಅಕ್ಕ ಆ ಸಾಲುಗಳ ಮೇಲೆ ಬೆರಳಾಡಿಸಿ, ಶಾಯಿ ಒದ್ದೆಯಾಗಿದೆಯಾ ಅಂತ ನೋಡಿದರು.

ಈ ಕಥೆಗೇ ನನ್ನ ಸಮಯ ಬಹಳಷ್ಟು ಹೋಯಿತು. ಆದರೆ ಹೇಳದೆ ಇರಲಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಗುರುತಿನ ಚೀಟಿಯ ಮಾತು. ಯು.ಡಿ.ಐ.ಡಿ. ಕಾರ್ಡು, ಅಂದರೆ ಅಂಗವಿಕಲತೆಯ ಗುರುತಿನ ಚೀಟಿ, ಅದಿಲ್ಲದೆ ಯಾವುದೂ ಮುಂದೆ ಹೋಗುವುದಿಲ್ಲ. ಮೊದಲು ಅದಕ್ಕೆ ಅರ್ಜಿ ಹಾಕಿ. ಅದಕ್ಕೂ ನೋಂದಣಿ ಸಂಖ್ಯೆ ಬರುತ್ತದೆ, ಬರೆದಿಟ್ಟುಕೊಳ್ಳಿ. 1995ರ ಕಾಯ್ದೆಯಲ್ಲಿ ವೈಕಲ್ಯಗಳ ಪಟ್ಟಿ ಏಳೇ ಇತ್ತು, 2016ರ ಕಾಯ್ದೆಯಲ್ಲಿ 21 ಇದೆ. ಪಾರ್ಕಿನ್ಸನ್, ಹೀಮೋಫೀಲಿಯಾ, ಥಲಸ್ಸೇಮಿಯಾ, ಮಾನಸಿಕ ಕಾಯಿಲೆ ಎಲ್ಲ ಇದೆ. ಸಾಗರದ ಕಡೆ ಕೆಲವರು ನನ್ನನ್ನು ಕೇಳುತ್ತಾರೆ, "ಹಂದಿಗೋಡು ಕಾಯಿಲೆ ಪಟ್ಟಿಯಲ್ಲಿ ಇಲ್ಲವಂತಲ್ಲ ಮೇಡಂ" ಅಂತ. ಕಾಯಿಲೆಯ ಹೆಸರು ಪಟ್ಟಿಯಲ್ಲಿ ಇರಬೇಕಾಗಿಲ್ಲ. ಸೊಂಟದ, ಮಂಡಿಯ ಕೀಲು ಹೋಗಿ ನಡೆಯಲಾಗದಿದ್ದರೆ ಅದು ಚಲನ ವೈಕಲ್ಯ, ವೈದ್ಯರು ನೋಡುವುದು ಅದನ್ನು. ಯಾರೋ ಕಟ್ಟೆ ಮೇಲೆ ಕೂತು ಹೇಳಿದ್ದನ್ನು ನಂಬಿ ಮನೆಯಲ್ಲಿ ಉಳಿಯಬೇಡಿ. ಶೇಕಡಾವಾರು ಕಡಿಮೆ ಕೊಟ್ಟಿದ್ದಾರೆ ಅನ್ನಿಸಿದರೆ ಅದಕ್ಕೂ ಮೇಲ್ಮನವಿ ಇದೆ. ಕಾರ್ಡಿನ ಮೇಲೆ ತಾತ್ಕಾಲಿಕ ಅಂತ ಇದ್ದರೆ ಅವಧಿ ಮುಗಿಯುವ ತಾರೀಖನ್ನು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅವಧಿ ಮುಗಿದರೆ ವೇತನ ನಿಲ್ಲುತ್ತದೆ.

ಅಡಿಕೆ ಸುಲಿಯುವವರ ಬೆರಳಚ್ಚು ಸವೆದಿರುತ್ತದೆ, ಯಂತ್ರ ಹಿಡಿಯುವುದಿಲ್ಲ. ಆಧಾರ್ ಕೇಂದ್ರಕ್ಕೆ ಹೋಗಿ ಈಗಲೇ ಮೊಬೈಲ್ ನಂಬರ್ ಸೇರಿಸಿಕೊಳ್ಳಿ, ಆಗ ಓ.ಟಿ.ಪಿ.ಯಲ್ಲಿ ಕೆಲಸ ಆಗುತ್ತದೆ. ಹಾಸಿಗೆಯಲ್ಲಿ ಇರುವವರ ನಂಬರ್ ಮನೆಯಲ್ಲೇ ಇರುವ ಫೋನಿನದ್ದಾಗಿರಲಿ, ಬೆಂಗಳೂರಿನಲ್ಲಿರುವ ಮಗನ ಫೋನಿನದ್ದು ಬೇಡ.

ಇಷ್ಟೆಲ್ಲ ಒಬ್ಬರೇ ಮಾಡಬೇಕಾಗಿಲ್ಲ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯು. ಅಂತ ಒಬ್ಬ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರೂ ನಮ್ಮ ಹಾಗೆ ಅಂಗವಿಕಲರೇ, ನಿಮ್ಮ ಕಷ್ಟ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಂಚಾಯಿತಿಯ ಸ್ವಂತ ವರಮಾನದಲ್ಲಿ ನೂರಕ್ಕೆ 5ರಷ್ಟು ಅಂಗವಿಕಲರಿಗೇ ಖರ್ಚಾಗಬೇಕು, ಗ್ರಾಮಸಭೆಯಲ್ಲಿ ಎದ್ದು ನಿಂತು ಅದನ್ನೂ ಕೇಳಿ. ಇನ್ನು ಮೇಲ್ಮನವಿಗೆ ಎಲ್ಲಿಗೆ ಹೋಗಬೇಕು? ಉಪವಿಭಾಗಾಧಿಕಾರಿಗಳ ಕಚೇರಿಗೆ. ಸಾಗರ, ಸೊರಬ, ಹೊಸನಗರ, ಶಿಕಾರಿಪುರದವರಿಗೆ ಅದು ಸಾಗರದಲ್ಲಿದೆ. ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿಯವರಿಗೆ ಶಿವಮೊಗ್ಗದಲ್ಲಿ. ಹೋಗುವಾಗ ಸ್ವೀಕೃತಿ ಚೀಟಿಯ ಜೆರಾಕ್ಸ್ ಕೊಡಿ, ಅಸಲು ಕೊಡಬೇಡಿ. ಅಲ್ಲಿಂದಲೂ ಬರಿಗೈಯಲ್ಲಿ ಬರಬೇಡಿ.

ಕೌಂಟರಿನಲ್ಲಿ ಏನೇ ಮಾಡಿದರೂ ತೆಗೆದುಕೊಳ್ಳಲಿಲ್ಲ ಅಂದರೆ ತಾಲ್ಲೂಕು ಕಚೇರಿಯ ಟಪಾಲು ವಿಭಾಗಕ್ಕೆ ಹೋಗಿ. ಒಂದು ಪ್ರತಿ ಅವರಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ.

ಸಮಯ ಆಯಿತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಒಂದು ನಿಮಿಷ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಕರೆಯಿರಿ, ಪೆನ್ನು ಕಾಗದ ತರಲಿ. ಅರ್ಜಿಯ ಕೊನೆಗೆ ಬರೆಯಬೇಕಾದ ಎರಡು ಸಾಲನ್ನು ನಿಧಾನವಾಗಿ ಹೇಳುತ್ತೇನೆ.

"ನನ್ನ ಅಂಗವಿಕಲ ವೇತನದ ಅರ್ಜಿಯನ್ನು ಸ್ವೀಕರಿಸಿ ಸ್ವೀಕೃತಿ ನೀಡಬೇಕಾಗಿ ಕೋರುತ್ತೇನೆ. ಸ್ವೀಕರಿಸಲು ಅವಕಾಶವಿಲ್ಲವಾದಲ್ಲಿ ಕಾರಣ ನಮೂದಿಸಿ ಹಿಂಬರಹ ನೀಡಬೇಕಾಗಿ ಕೋರುತ್ತೇನೆ."

ಬರೆದಾಯಿತಾ? ಕೆಳಗೆ ಊರು, ತಾರೀಖು, ಸಹಿ. ಸಹಿ ಬರದಿದ್ದರೆ ಎಡಗೈ ಹೆಬ್ಬೆಟ್ಟು. ಎರಡು ಪ್ರತಿ ಮಾಡಿ.

ನಮಸ್ಕಾರ.