ಹರ್ಗೇಸಾಕ್ಕೆ ಇಬ್ಬರೂ ಹೋಗಿ

ಕೇಳುಗರೇ, ನಮಸ್ಕಾರ.

ಸೊಮಾಲಿ ಜನರ ಬದುಕು, ಅವರ ಆತಿಥ್ಯ ನೋಡಬೇಕು ಅಂತ ಆಸೆಪಡುವ ಗಂಡ ಹೆಂಡತಿಗೆ ನಾನು ಹೇಳುವ ಊರು ಹರ್ಗೇಸಾ. ಇದು ಪೂರ್ವ ಆಫ್ರಿಕಾದ ಸೊಮಾಲಿಲ್ಯಾಂಡಿನ ರಾಜಧಾನಿ. ಸೊಮಾಲಿಯಾದಿಂದ ನಾವು ಬೇರೆ ಎಂದು 1991ರಲ್ಲಿ ಘೋಷಿಸಿಕೊಂಡ ನಾಡು. ಹೆಚ್ಚಿನ ದೇಶಗಳು ಇದನ್ನು ಇನ್ನೂ ಒಪ್ಪಿಲ್ಲ. ಆದರೂ ಅದಕ್ಕೆ ತನ್ನದೇ ವೀಸಾ, ತನ್ನದೇ ನೋಟು ಇದೆ. ಮುಂಬಯಿಯಿಂದ ಆಡಿಸ್ ಅಬಾಬಾ, ಅಲ್ಲಿಂದ ಹರ್ಗೇಸಾ. ನಾಲ್ಕು ದಿನ ಸಾಕು. ಹೊರಡುವ ಮುಂಚೆ ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ಓದಿಕೊಳ್ಳಿ. ಪೂರ್ವದ ಲಾಸ್ ಅನೋದ್ ಸುತ್ತ 2023ರಲ್ಲಿ ಜೋರು ಕಾಳಗ ನಡೆಯಿತು. ಆ ಕಡೆ ಬೇಡವೇ ಬೇಡ.

ಅಲ್ಲಿ ಗಂಡಸರ ಕೂಟ ಬೇರೆ, ಹೆಂಗಸರ ಕೂಟ ಬೇರೆ. ಊಟಕ್ಕೆ ಕರೆದ ಮನೆಯಲ್ಲೂ ನಿಮ್ಮಿಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಬಹುದು. ಬೇಜಾರು ಮಾಡ್ಕೋಬೇಡಿ. ಒಬ್ಬನೇ ಹೋದ ಗಂಡಸಿಗೆ ಆ ಮನೆಯ ಒಳಗು ಕಾಣುವುದೇ ಇಲ್ಲ. ಜೋಡಿಯಾಗಿ ಹೋದವರಿಗೆ ಎರಡೂ ಬಾಗಿಲು ತೆರೆಯುತ್ತವೆ.

ಹೆಂಗಸರು ಕೂರುವ ಒಳಕೋಣೆಯಲ್ಲಿ ದಬ್‌ಕಾದ್ ಎಂಬ ಪುಟ್ಟ ಧೂಪದ ಒಲೆ ಹೊಗೆಯಾಡುತ್ತಿರುತ್ತದೆ. ಅದರ ಪರಿಮಳ ಬಟ್ಟೆಗೂ ಕೂದಲಿಗೂ ಹಿಡಿಯುತ್ತದೆ. ಧೂಪದ ಅಂಟು ಕೊಡುವ ಮರಗಳು ಆ ನಾಡಿನ ಬೆಟ್ಟಗಳಲ್ಲೇ ಬೆಳೆಯುತ್ತವೆ. ಕೈಗೆ ಮದರಂಗಿ ಹಚ್ಚುತ್ತೇವೆ ಅಂದರೆ ಸುಮ್ನೆ ಕೈ ಚಾಚಿ. ಅತ್ತ ಗಂಡ ಬೆಳಗ್ಗೆಯೇ ಒಂಟೆ ಸಂತೆಗೆ ಹೋಗಲಿ. ದಲ್ಲಾಳಿಗಳು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ನೋಡಿದರೆ, ನಮ್ಮ ದನದ ಜಾತ್ರೆಯ ಟವೆಲ್ ವ್ಯಾಪಾರವೇ ಕಣ್ಣೆದುರು ಬರುತ್ತದೆ. ರಾತ್ರಿ ಇಬ್ಬರೂ ಕೂತು ಕಂಡದ್ದನ್ನು ಹಂಚಿಕೊಂಡರೆ ಪ್ರವಾಸ ಪೂರ್ತಿಯಾಗುತ್ತದೆ ಅಲ್ವಾ?

ರಸ್ತೆಯಲ್ಲಿ ಕೈ ಕೈ ಹಿಡಿದು ನಡೆಯಬೇಡಿ. ಹೆಂಗಸರು ತಲೆಗೆ ವಸ್ತ್ರ ಹಾಕಿಕೊಳ್ಳಲಿ, ಮೈತುಂಬ ಉಡುಪು ಇರಲಿ. ಹೆಂಗಸರಿಗೆ ಗಂಡಸರು ತಾವಾಗಿ ಕೈ ಚಾಚಬಾರದು. ಎದೆಯ ಮೇಲೆ ಕೈಯಿಟ್ಟರೆ ಸಾಕು. ಕೇಳದೆ ಫೋಟೋ ತೆಗೆಯಬೇಡಿ. ಮದ್ಯಕ್ಕೆ ಅಲ್ಲಿ ನಿಷೇಧ.

ಸಸ್ಯಾಹಾರಿಗಳು ಮೊದಲೇ ಹೇಳಿಬಿಡಿ, ಅಲ್ಲಿ ಮಾಂಸ ಜಾಸ್ತಿ. ಹುಳಿ ಬಂದ ಹಿಟ್ಟನ್ನು ಕಾವಲಿಗೆ ಹುಯ್ದು ಮಾಡುವ ಲಹೋಹ್ ಬೆಳಗಿನ ತಿಂಡಿ. ತುಪ್ಪ, ಸಕ್ಕರೆ ಹಾಕಿಕೊಂಡು ತಿನ್ನಿ. ಮಸಾಲೆ ಅನ್ನದ ಜೊತೆ ಬಾಳೆಹಣ್ಣು ಕೊಡುತ್ತಾರೆ. ತುತ್ತಿಗೊಂದು ಚೂರು ಹಣ್ಣು ಸೇರಿಸಿಕೊಳ್ಳುವುದು ಅಲ್ಲಿನ ರೂಢಿ.

ಒಂದು ದಿನ ಲಾಸ್ ಗೀಲ್‌ಗೆ ಇಡಿ. ಹರ್ಗೇಸಾದಿಂದ ಸುಮಾರು 50 ಕಿಲೋಮೀಟರ್, ಬರ್ಬೆರಾ ಬಂದರಿಗೆ ಹೋಗುವ ದಾರಿ. ಸಾವಿರಾರು ವರ್ಷ ಹಿಂದಿನ ಚಿತ್ರಗಳು ಬಂಡೆಯ ಮೇಲೆ ಇನ್ನೂ ಕೆಂಪಗಿವೆ. ಕೊರಳು ಸಿಂಗರಿಸಿಕೊಂಡ ಹಸುಗಳು, ಅವುಗಳ ಪಕ್ಕ ಕೈ ಎತ್ತಿ ನಿಂತ ಜನ. ಹೊರಗಿನ ಸಂಶೋಧಕರಿಗೆ ಇವು ತಿಳಿದದ್ದು 2002ರಲ್ಲಿ. ಪರವಾನಗಿ ಚೀಟಿಯನ್ನು ಹರ್ಗೇಸಾದಲ್ಲೇ ಮಾಡಿಸಿಕೊಳ್ಳಿ.

ಶುಕ್ರವಾರ ಮಾತ್ರ ಏನನ್ನೂ ಇಟ್ಟುಕೊಳ್ಳಬೇಡಿ. ಅಂದು ಅಲ್ಲಿ ರಜೆ, ಪ್ರಾರ್ಥನೆಯ ದಿನ. ಯಾರಾದರೂ ಮನೆಗೆ ಕರೆದರೆ ಹೋಗಲು ಬಿಡುವಿರಬೇಕು. ಹೋಗುವಾಗ ನಮ್ಮ ಮಲೆನಾಡಿನ ಏಲಕ್ಕಿ ಒಂದು ಪೊಟ್ಟಣ ಒಯ್ಯಿರಿ. ಅವರ ಚಹಾಕ್ಕೆ ಏಲಕ್ಕಿ ಬೇಕೇ ಬೇಕು.