ಗಿಟಾರ್ ಪಿಕಪ್‌ಗೆ ಲೋಹದ ಕವರ್ ಹಾಕೋಣ ಬನ್ನಿ

ಎಲ್ಲರಿಗೂ ನಮಸ್ಕಾರ. ಇವತ್ತು ಟೇಬಲ್ ಮೇಲೆ ಇರುವುದು ನನ್ನ ಲೆಸ್ ಪಾಲ್ ಮಾದರಿಯ ಗಿಟಾರ್. ತಂತಿಗಳನ್ನು ಬಿಚ್ಚಿಟ್ಟಿದ್ದೇನೆ, ಎರಡೂ ಹಂಬಕರ್ ಪಿಕಪ್‌ಗಳು ಹೊರಗೆ ಬಂದಿವೆ. ಪಿಕಪ್ ಅಂದರೆ ತಂತಿಯ ಕಂಪನವನ್ನು ಕರೆಂಟಿನ ಸಿಗ್ನಲ್ ಆಗಿಸುವ ಭಾಗ, ಹಂಬಕರ್ ಅಂದರೆ ಎರಡು ಕಾಯಿಲ್, ಅಂದರೆ ತಂತಿಸುರುಳಿ, ಇರುವ ಪಿಕಪ್. ಹತ್ತಿರದಿಂದ ನೋಡಿ. ಒಂದು ಕಾಯಿಲ್ ಕಪ್ಪು, ಪಕ್ಕದ್ದು ಕೆನೆ ಬಣ್ಣ. ಇದನ್ನು ಝೀಬ್ರಾ ಅನ್ನುತ್ತಾರೆ. ಹೀಗೆ ಬೋಳಾಗಿ ಕಾಣುವುದೇ ತುಂಬಾ ಜನರಿಗೆ ಇಷ್ಟ. ಇವತ್ತು ನಾನು ಇವಕ್ಕೆ ಲೋಹದ ಕವರ್ ಹಾಕುತ್ತಿದ್ದೇನೆ. ಅಂದಕ್ಕಾಗಿ ಮಾತ್ರ ಅಲ್ಲ. ಕವರ್ ಇರುವ ನೆಕ್ ಪಿಕಪ್‌ನಲ್ಲಿ, ಅಂದರೆ ಗಿಟಾರಿನ ಕತ್ತಿನ ಕಡೆ ಇರುವುದರಲ್ಲಿ, ಒಂದು ದುಂಡಗಿನ, ಸ್ವಲ್ಪ ಮೆತ್ತಗಿನ ದನಿ ಇರುತ್ತದೆ. ನನಗೆ ಅದು ಬೇಕು.

ಕೆಲಸ ಶುರು ಮಾಡುವ ಮೊದಲು ಈ ಕವರ್ ಯಾಕೆ ಬಂತು ಅಂತ ಹೇಳಿಬಿಡುತ್ತೇನೆ. ಅದು ಗೊತ್ತಾದರೆ ಮುಂದಿನದ್ದೆಲ್ಲ ಸಲೀಸು.

ಅಮೆರಿಕದ ಮಿಷಿಗನ್‌ನ ಕಲಮಜೂ ಊರಲ್ಲಿ ಗಿಬ್ಸನ್ ಕಂಪನಿಯ ಕಾರ್ಖಾನೆ ಇತ್ತು. ಅಲ್ಲಿ ಸೆತ್ ಲವರ್ ಎಂಬ ಎಂಜಿನಿಯರ್ 1955ರಲ್ಲಿ ಈ ಪಿಕಪ್ ರೂಪಿಸಿದರು. ಒಂದೇ ಕಾಯಿಲ್ ಇರುವ ಪಿಕಪ್ ಕರೆಂಟಿನ ಗುಂಯ್ ಸದ್ದನ್ನೂ ಹಿಡಿಯುತ್ತದೆ. ಅವರು ಎರಡು ಕಾಯಿಲ್‌ಗಳನ್ನು ಪಕ್ಕಪಕ್ಕ ಇಟ್ಟು, ಅಯಸ್ಕಾಂತದ ದಿಕ್ಕನ್ನೂ ಕಾಯಿಲ್‌ನ ದಿಕ್ಕನ್ನೂ ಒಂದಕ್ಕೊಂದು ತಿರುವುಮುರುವು ಮಾಡಿದರು. ಗುಂಯ್ ಸದ್ದು ಒಂದನ್ನೊಂದು ಹೊಡೆದುಹಾಕುತ್ತದೆ, ತಂತಿಯ ದನಿ ಮಾತ್ರ ಕೂಡಿಕೊಳ್ಳುತ್ತದೆ. 1957ರಲ್ಲಿ ಇದು ಲೆಸ್ ಪಾಲ್ ಗಿಟಾರಿಗೆ ಬಂತು. ಪೇಟೆಂಟ್ ಸಿಕ್ಕಿದ್ದು 1959ರಲ್ಲಿ. ಆ ಮೊದಲೂ, ಆಮೇಲೆ ಕೆಲವು ವರ್ಷವೂ ತಳಭಾಗಕ್ಕೆ 'ಪೇಟೆಂಟ್‌ಗೆ ಅರ್ಜಿ ಹಾಕಲಾಗಿದೆ' (ಪೇಟೆಂಟ್ ಅಪ್ಲೈಡ್ ಫಾರ್) ಅಂತ ಇಂಗ್ಲಿಷಿನಲ್ಲಿ ಒಂದು ಚಿಕ್ಕ ಚೀಟಿ ಅಂಟಿಸುತ್ತಿದ್ದರು. ಪಿಎಎಫ್ ಅಂತ ಗಿಟಾರಿನವರು ಪ್ರೀತಿಯಿಂದ ಕರೆಯುವುದು ಆ ಪಿಕಪ್‌ಗಳನ್ನೇ.

ಎರಡು ಕಾಯಿಲ್ ಇದ್ದರೂ ಲವರ್ ಮೇಲೊಂದು ಲೋಹದ ಕವರ್ ಹಾಕಿದರು. ಟ್ಯೂಬ್‌ಲೈಟು, ಡಿಮ್ಮರ್ ಇವುಗಳಿಂದ ಬರುವ ಚರಚರ ಸದ್ದನ್ನು ಅದು ತಡೆಯುತ್ತದೆ. ಆದರೆ ಲೋಹ ಅಂದಮೇಲೆ ಅದರದ್ದೇ ಒಂದು ತೊಂದರೆ ಇದೆ. ನಿಮ್ಮ ಮನೆಯ ಇಂಡಕ್ಷನ್ ಒಲೆ ನೆನಪಿಸಿಕೊಳ್ಳಿ. ಒಲೆಯಲ್ಲಿ ಬೆಂಕಿ ಇಲ್ಲ, ಆದರೂ ಪಾತ್ರೆ ಬಿಸಿಯಾಗುತ್ತದೆ. ಕೆಳಗಿನ ಕಾಯಿಲ್ ಪಾತ್ರೆಯ ತಳದಲ್ಲಿ ಸುಳಿಸುಳಿಯಾಗಿ ಕರೆಂಟ್ ಹರಿಸುತ್ತದೆ. ತಂತಿ ಕಂಪಿಸಿದಾಗ ಪಿಕಪ್ ಕವರಿನಲ್ಲೂ ಇಂಥದ್ದೇ ಸುಳಿ ಏಳುತ್ತದೆ, ತೀರಾ ಸಣ್ಣ ಮಟ್ಟದಲ್ಲಿ. ಆ ಸುಳಿ ತಿಂದುಹಾಕುವುದು ಮೇಲಿನ ಸ್ವರಗಳನ್ನು, ಆ ಮಿಂಚನ್ನು.

ಹಾಗಾಗಿ ಯಾವ ಲೋಹ ಅನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ. ಲವರ್ ಆರಿಸಿದ್ದು ಜರ್ಮನ್ ಸಿಲ್ವರ್. ತಾಮ್ರ, ನಿಕ್ಕಲ್, ಸತು ಸೇರಿದ ಮಿಶ್ರಲೋಹ, ಬೆಳ್ಳಿ ಒಂದು ಚೂರೂ ಇಲ್ಲ. ಇದರಲ್ಲಿ ಕರೆಂಟ್ ಅಷ್ಟು ಸುಲಭವಾಗಿ ಹರಿಯುವುದಿಲ್ಲ, ಆದ್ದರಿಂದ ಸುಳಿ ಕಡಿಮೆ. ಬೆಸುಗೆಯೂ ಚೆನ್ನಾಗಿ ಹಿಡಿಯುತ್ತದೆ. ಅಗ್ಗದ ಕವರ್‌ಗಳು ಜಾಸ್ತಿ ಹಿತ್ತಾಳೆಯವು. ಹಿತ್ತಾಳೆಯಲ್ಲಿ ಕರೆಂಟ್ ಹಲವು ಪಟ್ಟು ಸರಾಗವಾಗಿ ಹರಿಯುತ್ತದೆ, ದನಿ ಮಂಕಾಗುತ್ತದೆ. ಕವರ್ ಹಾಕಿದರೆ ಗಿಟಾರ್ ಸತ್ತುಹೋಗುತ್ತದೆ ಅಂತ ದೂರುವವರ ಪಿಕಪ್ ಮೇಲೆ ಎಷ್ಟೋ ಸಲ ಕೂತಿರುವುದು ಹಿತ್ತಾಳೆ.

ನನ್ನ ಕೈಯಲ್ಲಿ ಎರಡು ಕವರ್ ಇವೆ. ಹೊರಗಿನಿಂದ ಎರಡೂ ಒಂದೇ ಥರ ಹೊಳೆಯುತ್ತಿವೆ, ಅಲ್ವಾ? ಈಗ ಒಳ ಅಂಚನ್ನು ಚಿಕ್ಕ ಅರದಿಂದ ಸ್ವಲ್ಪ ಉಜ್ಜುತ್ತೇನೆ. ನೋಡಿ, ಈ ಎಡಗಡೆಯದ್ದು ಕೆಳಗೆ ಹಳದಿ. ಹಿತ್ತಾಳೆ. ಬಲಗಡೆಯದ್ದನ್ನು ಎಷ್ಟು ಉಜ್ಜಿದರೂ ಬಿಳಿ ಬಿಳಿಯಾಗಿಯೇ ಇದೆ. ಇದೇ ನಮಗೆ ಬೇಕಾಗಿದ್ದು. ಅಯಸ್ಕಾಂತ ಹಿಡಿದು ನೋಡಿದರೆ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ, ಎರಡಕ್ಕೂ ಅಂಟುವುದಿಲ್ಲ. ಅಂಟಿದರೆ ಅದು ಕಬ್ಬಿಣದ ಜಾತಿಯದ್ದು, ಅದನ್ನಂತೂ ಹಾಕಲೇಬೇಡಿ.

ಕವರ್ ಕೊಳ್ಳುವ ಮೊದಲು ಅಳತೆ ತೆಗೆದುಕೊಳ್ಳಿ. ಪಿಕಪ್ ಮೇಲಿನ ಮೊದಲನೇ ಸ್ಕ್ರೂ ನಡುವಿನಿಂದ ಆರನೇ ಸ್ಕ್ರೂ ನಡುವಿನವರೆಗೆ. ನೆಕ್ ಕಡೆ ಸಾಮಾನ್ಯವಾಗಿ 49ರಿಂದ 50 ಮಿಲಿಮೀಟರ್, ಬ್ರಿಡ್ಜ್ ಕಡೆ, ಅಂದರೆ ಗಿಟಾರಿನ ಬುಡದಲ್ಲಿ ತಂತಿಗಳು ಕೂರುವ ಕಡೆ, ಕೆಲವು ಗಿಟಾರ್‌ಗಳಲ್ಲಿ 52-53. ಎರಡು ಮಿಲಿಮೀಟರ್ ತಪ್ಪಿದರೂ ಸ್ಕ್ರೂ ತೂತಿಗೆ ಕೂರುವುದಿಲ್ಲ. ಕಾಯಿಲ್ ಸುತ್ತಲಿನ ಟೇಪ್ ದಪ್ಪ ಇದ್ದರೆ ಒಂದು ಸುತ್ತು ಕಡಿಮೆ ಮಾಡಬೇಕಾಗಬಹುದು. ಆದರೆ ಪೂರ್ತಿ ಬಿಚ್ಚಬೇಡಿ. ಒಳಗಿನ ತಾಮ್ರದ ತಂತಿ ಕೂದಲಿಗಿಂತ ತೆಳ್ಳಗೆ. ಉಗುರು ತಾಗಿದರೂ ಕಡಿದುಹೋಗುತ್ತದೆ.

ಈಗ ಬೆಸುಗೆ. ಬೆಂಗಳೂರಿನವರಿಗೆ ಇದಕ್ಕೆ ಬೇಕಾದ ಸೀಸ (ಬೆಸುಗೆಯ ತಂತಿ), ಅದು ಚೆನ್ನಾಗಿ ಹಿಡಿಯಲು ಹಚ್ಚುವ ಫ್ಲಕ್ಸ್ ಎಲ್ಲ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಐರನ್ ಮಾತ್ರ 60 ವ್ಯಾಟ್ ಅಥವಾ ಮೇಲಿನದ್ದು ಇರಲಿ, ತುದಿ ಅಗಲವಾಗಿರಲಿ. ಸಣ್ಣ ಐರನ್ ಒಳ್ಳೆಯದು ಅನ್ನಿಸುತ್ತದೆ, ಆದರೆ ಇಲ್ಲಿ ಅದು ಅಪಾಯ. ತಳದ ಲೋಹದ ತಗಡು ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಸೀಸ ಕರಗಲಿ ಅಂತ ನೀವು ಸುಮ್ನೆ ಒತ್ತಿ ಹಿಡಿದಿರುತ್ತೀರಿ, ಅಷ್ಟರಲ್ಲಿ ಒಳಗೆ ಕಾಯಿಲ್‌ನ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಜೋರು ಶಾಖ, ಮೂರು ನಾಲ್ಕು ಸೆಕೆಂಡ್, ಅಷ್ಟೇ.

ಬೆಸುಗೆ ಬೀಳುವ ಜಾಗವನ್ನು ಎಮರಿ ಪೇಪರಿನಿಂದ ತಿಕ್ಕಿದ್ದೇನೆ. ಕ್ರೋಮ್ ಲೇಪನ ಇದ್ದರೆ ಚೆನ್ನಾಗಿ ತಿಕ್ಕಿ ತೆಗೆಯಿರಿ, ಕ್ರೋಮ್ ಮೇಲೆ ಸೀಸ ನಿಲ್ಲುವುದಿಲ್ಲ. ಕವರನ್ನು ತಳಕ್ಕೆ ಬಿಗಿಯಾಗಿ ಒತ್ತಿ ಕ್ಲಾಂಪ್ ಹಾಕಿದ್ದೇನೆ, ಮಧ್ಯೆ ಬಟ್ಟೆ ಇಟ್ಟಿದ್ದೇನೆ. ಈ ಬದಿ ಮಧ್ಯದಲ್ಲಿ ಒಂದು. ಆರಲಿ. ಈಗ ಆ ಬದಿಯಲ್ಲಿ ಇನ್ನೊಂದು. ಹರಿದು ಹಬ್ಬಿ ಹೊಳೆಯುತ್ತಿದೆ ನೋಡಿ, ಗೋಲಿ ಥರ ನಿಂತಿಲ್ಲ. ಇದೇ ಸರಿಯಾದ ಬೆಸುಗೆ.

ಈ ಎರಡು ಬೆಸುಗೆಗೆ ಎರಡು ಕೆಲಸ. ಕವರನ್ನು ಹಿಡಿದಿಡುವುದು ಒಂದು, ಗ್ರೌಂಡ್‌ಗೆ ಸೇರಿಸುವುದು ಇನ್ನೊಂದು. ಗ್ರೌಂಡ್ ಆಗದ ಕವರ್ ಸದ್ದನ್ನು ತಡೆಯುವ ಬದಲು ಹಿಡಿದು ಒಳಗೆ ಕಳಿಸುತ್ತದೆ. ಮಲ್ಟಿಮೀಟರಿನ ಒಂದು ತುದಿ ಕವರಿಗೆ, ಇನ್ನೊಂದು ಪಿಕಪ್‌ನಿಂದ ಬರುವ, ಪ್ಲಾಸ್ಟಿಕ್ ಹೊದಿಕೆ ಇಲ್ಲದ ಗ್ರೌಂಡ್ ವೈರ್‌ಗೆ. ಬೀಪ್ ಬಂತು. ಸರಿ ಇದೆ. ಒಂದು ಮಾತು ನೆನಪಿಡಿ. ಹಳೇ ರೀತಿಯ, ಹೆಣೆದ ಲೋಹದ ಹೊದಿಕೆಯ ಒಂದೇ ವೈರ್ ಇರುವ ಪಿಕಪ್‌ನಲ್ಲಿ ಕಾಯಿಲ್‌ನ ಒಂದು ತುದಿ, ತಳದ ತಗಡು, ಕವರ್ ಎಲ್ಲ ಒಂದಕ್ಕೊಂದು ಸೇರಿರುತ್ತವೆ. ಫೇಸ್, ಅಂದರೆ ಸಿಗ್ನಲ್‌ನ ದಿಕ್ಕು, ಬದಲಿಸಲು ಅಂತ ಅದರ ವೈರ್‌ಗಳನ್ನು ಅದಲು ಬದಲು ಮಾಡಿದರೆ ಕವರೇ ಸಿಗ್ನಲ್ ಆಗಿಬಿಡುತ್ತದೆ. ಕೈ ತಾಗಿದೊಡನೆ ಗುಂಯ್ ಅನ್ನುತ್ತದೆ. ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಗಿಟಾರಿನ ನೆಕ್ ಪಿಕಪ್‌ಗೂ ಲೋಹದ ಕವರ್ ಇದೆ, ಅದರ ವೈರಿಂಗ್ ಬದಲಿಸುವವರೂ ಇದನ್ನೇ ನೋಡಿಕೊಳ್ಳಬೇಕು.

ಇನ್ನು ಮೇಣ. ಕವರಿಗೂ ಕಾಯಿಲ್‌ಗೂ ನಡುವೆ ಗಾಳಿ ಇದ್ದರೆ ಜೋರು ಡಿಸ್ಟಾರ್ಷನ್‌ನಲ್ಲಿ, ಅಂದರೆ ರಾಕ್ ಸಂಗೀತದ ಒರಟು ದನಿಯಲ್ಲಿ, ಕವರ್ ತಾನೇ ಕಂಪಿಸಿ ಕೀಂ ಅಂತ ಕಿರುಚುತ್ತದೆ. ಅದಕ್ಕೇ ಮೇಣದಲ್ಲಿ ಅದ್ದುವುದು. ನಾಲ್ಕು ಪಾಲು ಪ್ಯಾರಫಿನ್, ಒಂದು ಪಾಲು ಜೇನುಮೇಣ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಮೇಣವನ್ನು ನೇರ ಉರಿಯ ಮೇಲೆ ಇಡಲೇಬೇಡಿ, ಹೊತ್ತಿಕೊಳ್ಳುತ್ತದೆ. ಥರ್ಮಾಮೀಟರ್ 65 ಡಿಗ್ರಿ ಆಸುಪಾಸಿನಲ್ಲಿರಲಿ, 70 ದಾಟಬಾರದು. ಬೆಸುಗೆ ಮುಗಿದ ಮೇಲೆಯೇ ಇದನ್ನು ಮಾಡಿ, ಮೇಣ ತಾಗಿದ ಲೋಹಕ್ಕೆ ಸೀಸ ಹಿಡಿಯುವುದಿಲ್ಲ. ಗುಳ್ಳೆಗಳು ಬರುತ್ತಿವೆ ನೋಡಿ, ಒಳಗಿನ ಗಾಳಿ ಹೊರಗೆ ಬರುತ್ತಿದೆ. ಗುಳ್ಳೆ ನಿಂತ ಮೇಲೆ ತೆಗೆದು ಬಟ್ಟೆಯಿಂದ ಒರೆಸುತ್ತೇನೆ. ಮೂಲ ಪಿಎಎಫ್‌ಗಳಿಗೆ ಮೇಣ ಇರಲಿಲ್ಲ. ಕ್ಲೀನ್ ದನಿಯಲ್ಲೇ ನುಡಿಸುವವರು ಬೇಕಾದರೆ ಈ ಹಂತ ಬಿಡಬಹುದು. ನಾನು ಡಿಸ್ಟಾರ್ಷನ್ ಬಳಸುತ್ತೇನೆ, ಬಿಡಲಾರೆ.

ಒಂದು ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಕಾಯಿಲ್ ಸ್ಪ್ಲಿಟ್ ಮಾಡಿ ಒಂದೇ ಕಾಯಿಲ್‌ನಲ್ಲಿ ನುಡಿಸುವಾಗ ಬರುವ 50 ಹರ್ಟ್ಜ್ ಗುಂಯ್ ಈ ಕವರಿನಿಂದ ಹೋಗುವುದಿಲ್ಲ. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರಕ್ಕೆ ಇಷ್ಟು ತೆಳ್ಳಗಿನ ಜರ್ಮನ್ ಸಿಲ್ವರ್ ಅಡ್ಡವೇ ಅಲ್ಲ. ಅದನ್ನು ಕಳೆಯುವುದು ಎರಡನೇ ಕಾಯಿಲ್ ಮಾತ್ರ.

ಪಿಕಪ್‌ಗಳು ಗಿಟಾರಿನೊಳಗೆ ಕೂತಿವೆ, ಹೊಸ ತಂತಿ ಹಾಕಿದ್ದೇನೆ. ಕವರ್ ಬಂದಮೇಲೆ ಎತ್ತರ ಮತ್ತೆ ಹೊಂದಿಸಬೇಕು. ಕೊನೆಯ ಫ್ರೆಟ್ ಒತ್ತಿ ಹಿಡಿದು, ತಂತಿಗೂ ಸ್ಕ್ರೂ ತಲೆಗೂ ಸುಮಾರು 2 ಮಿಲಿಮೀಟರ್ ಅಂತರದಿಂದ ಶುರು ಮಾಡಿ. ಮಂಕು ಅನ್ನಿಸಿದರೆ ಆ ಆರು ಸ್ಕ್ರೂಗಳನ್ನು ಅರ್ಧ ಸುತ್ತು ಮೇಲೆತ್ತಿ. ನಿಮ್ಮ ಗಿಟಾರಿನ ನೆಕ್ ದನಿ ಮೊದಲೇ ಗಿಮ್ಮೆನ್ನುತ್ತಿದ್ದರೆ ಅಲ್ಲಿ ಕವರ್ ಬೇಡ, ಬ್ರಿಡ್ಜ್‌ಗೆ ಮಾತ್ರ ಹಾಕಿ ಅನ್ನುವುದು ನನ್ನ ಸಲಹೆ.

ಬಿಚ್ಚುವ ಮೊದಲೇ ನೆಕ್ ಪಿಕಪ್‌ನಲ್ಲಿ ಒಂದು ತುಣುಕು ರೆಕಾರ್ಡ್ ಮಾಡಿಟ್ಟಿದ್ದೆ. ಅದೇ ಆಂಪ್, ಅದೇ ಸೆಟ್ಟಿಂಗ್, ಟೋನ್ ಪೂರ್ತಿ ಹತ್ತಕ್ಕೆ. ಮೊದಲು ಕೇಳುವುದು ಕವರ್ ಇಲ್ಲದ್ದು, ಆಮೇಲಿನದ್ದು ಕವರ್ ಹಾಕಿದ್ದು. ಫೋನ್ ಸ್ಪೀಕರಿನಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ದಯವಿಟ್ಟು ಹೆಡ್‌ಫೋನ್ ಹಾಕಿಕೊಳ್ಳಿ. ಎರಡರಲ್ಲಿ ನಿಮಗೆ ಯಾವುದು ಹಿಡಿಸಿತು ಅಂತ ಕೆಳಗೆ ಬರೆಯಿರಿ. ನುಡಿಸುತ್ತೇನೆ, ಕೇಳಿ.